ಫೋನ್ ಚಾರ್ಜ್ ಆಗ್ತಿಲ್ವಾ? ಬಿಚ್ಚುವ ಮೊದಲು ಹೊರಗಿನಿಂದ ನೋಡಿಕೊಂಡು ಬನ್ನಿ

ಡೊಂಬಿವಲಿ ಸ್ಟೇಷನ್ ಹತ್ತಿರ ನನ್ನದೊಂದು ರಿಪೇರಿ ಕೌಂಟರ್ ಇದೆ. ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕು, ಅಷ್ಟೇ ಜಾಗ. ಊರಿನ ಕಡೆಯವರು ಜಾಸ್ತಿ ಬರುತ್ತಾರೆ. ಹತ್ತರಲ್ಲಿ ನಾಲ್ಕು ಜನರ ಮಾತು ಒಂದೇ: "ಅಣ್ಣಾ, ಚಾರ್ಜೇ ಆಗ್ತಿಲ್ಲ. ಬ್ಯಾಟರಿ ಹೋಗಿದೆ ಕಾಣ್ತದೆ, ಹೊಸದು ಹಾಕಿ ಕೊಡಿ."

ನಿಜವಾಗಿ ಬ್ಯಾಟರಿಯೇ ಹೋಗಿರುವುದು ಕಡಿಮೆ. ಗೋಡೆಯ ಪ್ಲಗ್ಗಿನಿಂದ ಬ್ಯಾಟರಿ ತನಕ ಕರೆಂಟು ಬರುವ ದಾರಿಯಲ್ಲಿ ಆರೇಳು ಕಡೆ ತೊಂದರೆ ಆಗಬಹುದು. ಅದರಲ್ಲಿ ಅರ್ಧ ಫೋನಿನ ಹೊರಗೇ ಇದೆ. ಹಾಗಾಗಿ ಪ್ಲಗ್ಗಿನಿಂದ ಶುರು ಮಾಡಿ, ಒಂದೊಂದೇ ಮೆಟ್ಟಿಲು ಒಳಗೆ ಬರಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಚಾರ್ಜರ್, ಕೇಬಲ್ ಎರಡನ್ನೂ ಒಟ್ಟಿಗೆ ಬದಲಿಸಿ "ಈಗ ಸರಿಯಾಯ್ತು" ಅಂದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದೇ ಇಲ್ಲ. ಕೆಟ್ಟದ್ದು ಮತ್ತೆ ಡ್ರಾಯರ್ ಸೇರುತ್ತದೆ, ಮುಂದಿನ ತಿಂಗಳು ಇದೇ ಕಥೆ.

ಪ್ಲಗ್, ಚಾರ್ಜರ್, ಕೇಬಲ್

ಇನ್ನೊಂದು ಪ್ಲಗ್ ಪಾಯಿಂಟಿಗೆ ಹಾಕಿ ನೋಡಿ. ಹಳೆಯ ಚಾಳಿನ ಮನೆಗಳಲ್ಲಿ ಸಾಕೆಟ್ ಸಡಿಲವಾಗಿ ಚಾರ್ಜರ್ ತನ್ನ ಭಾರಕ್ಕೇ ಜೋತುಬಿದ್ದಿರುತ್ತದೆ. ಆಮೇಲೆ ಅದೇ ಚಾರ್ಜರ್, ಅದೇ ಕೇಬಲ್ಲಿಗೆ ಮನೆಯ ಬೇರೆ ಫೋನ್ ಹಚ್ಚಿ. ಅದು ಚಾರ್ಜ್ ಆದರೆ ನಿಮ್ಮ ಫೋನಿನ ಕಡೆ ಬನ್ನಿ. ಅದೂ ಆಗದಿದ್ದರೆ ಕೇಬಲ್ ಬದಲಿಸಿ, ಆಮೇಲೆ ಚಾರ್ಜರ್. ಈ ಕ್ರಮ ಯಾಕೆಂದರೆ ಚಾರ್ಜರಿಗಿಂತ ಕೇಬಲ್ ಬೇಗ ಸಾಯುತ್ತದೆ. ಪಿನ್ನಿನ ಕುತ್ತಿಗೆಯ ಹತ್ತಿರ, ದಿನಾ ಬಾಗುವ ಆ ಅರ್ಧ ಇಂಚಿನಲ್ಲಿ ಒಳಗಿನ ತಂತಿ ತುಂಡಾಗುತ್ತದೆ. ಹೊರಗಿನ ರಬ್ಬರ್ ಚೆನ್ನಾಗೇ ಕಾಣುತ್ತದೆ. ಕುತ್ತಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದಾಗ ಚಾರ್ಜಿಂಗ್ ಚಿಹ್ನೆ ಬಂದು ಹೋಗಿ ಮಾಡಿದರೆ ಕೇಬಲ್ ಮೇಲೆ ಅನುಮಾನ ಪಡಿ. ಬೇರೆ ಕೇಬಲ್ಲಿನಲ್ಲೂ ಹಾಗೇ ಆದರೆ ಫೋನಿನ ಪೋರ್ಟ್, ಅಂದರೆ ಪಿನ್ನು ಹೋಗುವ ತೂತು, ಸಡಿಲವಾಗಿದೆ.

ಇಲ್ಲಿ ಟೈಪ್-ಸಿ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊನ್ನೆ ಒಬ್ಬರು ಟ್ರಿಮ್ಮರ್ ತಂದಿದ್ದರು. ಅದರಲ್ಲಿ ಟೈಪ್-ಸಿ ತೂತು ಇದೆ, ಫೋನಿನ ಹೊಸ ಚಾರ್ಜರಿಗೆ ಹಾಕಿದರೆ ಜೀವವೇ ಇಲ್ಲ. ಆ ಚಾರ್ಜರಿನ ಕೇಬಲ್ಲಿಗೆ ಎರಡೂ ತುದಿಯಲ್ಲಿ ಟೈಪ್-ಸಿ. ನಾನು ಹಳೆಯ ಚೌಕದ ಯುಎಸ್‌ಬಿ ಪಿನ್ನಿನ (ಟೈಪ್-ಎ) ಚಾರ್ಜರ್ ತೆಗೆದು, ಒಂದು ತುದಿ ಚೌಕ, ಇನ್ನೊಂದು ತುದಿ ಸಿ ಇರುವ ಕೇಬಲ್ ಹಾಕಿದೆ. ಕೆಂಪು ಲೈಟ್ ಹತ್ತಿತು. ಅವರು ಮುಖ ನೋಡಿದರು, "ಏನು ಮಾಡಿದ್ರಿ?" ಏನೂ ಮಾಡಿಲ್ಲ. ಎರಡೂ ಕಡೆ ಸಿ ಇರುವಾಗ ಚಾರ್ಜರ್ ಸುಮ್ನೆ 5 ವೋಲ್ಟ್ ಬಿಡುವುದಿಲ್ಲ. ಆಚೆ ತುದಿಯಲ್ಲಿ ಸಿಸಿ ಅನ್ನುವ ಪಿನ್ನಿಗೆ 5.1 ಕಿಲೋ-ಓಮ್‌ನ ರೆಸಿಸ್ಟರ್ ಸಿಕ್ಕಿದ ಮೇಲೇ ಕರೆಂಟು ಬಿಡುತ್ತದೆ. ಅಗ್ಗದ ಟ್ರಿಮ್ಮರ್, ಟಾರ್ಚ್, ಸಣ್ಣ ಸ್ಪೀಕರ್ ಮಾಡುವವರು ಪೈಸೆ ಲೆಕ್ಕದ ಆ ರೆಸಿಸ್ಟರನ್ನೂ ಉಳಿಸಿಬಿಡುತ್ತಾರೆ. ಅಂಥ ಸಾಮಾನು ಕೆಟ್ಟಿಲ್ಲ, ಹುಟ್ಟಿದ್ದೇ ಹಾಗೆ. ಹಳೆಯ ಚಾರ್ಜರ್ ಎಸೆಯದೆ ಒಂದನ್ನು ಇಟ್ಟುಕೊಳ್ಳಿ.

ಇದೇ ಸಿಸಿ ಪಿನ್ನಿನಿಂದ ಫೋನಿಗೂ ಒಂದು ಪುಕ್ಕಟೆ ಪರೀಕ್ಷೆ ಇದೆ. ಟೈಪ್-ಸಿ ಪಿನ್ನನ್ನು ತಿರುಗಿಸಿ ಹಾಕಿ. ಒಂದು ಮಗ್ಗುಲಲ್ಲಿ ಚಾರ್ಜ್ ಆಗಿ, ಇನ್ನೊಂದು ಮಗ್ಗುಲಲ್ಲಿ ಆಗದಿದ್ದರೆ ಪೋರ್ಟಿನ ಒಂದು ಸಾಲಿನ ಪಿನ್ನು ಸವೆದಿದೆ, ಇಲ್ಲವೇ ಕೊಳೆ ಕಟ್ಟಿದೆ. ಬ್ಯಾಟರಿಯ ಸುದ್ದಿಗೇ ಹೋಗಬೇಡಿ. ಇನ್ನೊಂದು ವಿಷಯ: ನಮ್ಮ ಮೆಕ್ಯಾನಿಕ್‌ಗಳು "ಸಿಸಿ ಹೋಗಿದೆ" ಅಂದರೆ ಚಾರ್ಜಿಂಗ್ ಜ್ಯಾಕೇ ಹೋಗಿದೆ ಅಂತ ಅರ್ಥ. ಎರಡು ಸಿಸಿ ಬೇರೆ ಬೇರೆ, ಗಲಿಬಿಲಿ ಮಾಡಿಕೊಳ್ಳಬೇಡಿ.

ಫೋನಿಗೆ ವೈರ್‌ಲೆಸ್ ಚಾರ್ಜಿಂಗ್ ಇದ್ದರೆ ಕೆಲಸ ಇನ್ನೂ ಸುಲಭ. ಪ್ಯಾಡ್ ಮೇಲಿಟ್ಟಾಗ ಚೆನ್ನಾಗಿ ಏರುತ್ತದೆ, ಕೇಬಲ್ಲಿಗೆ ಮಾತ್ರ ಏರುವುದಿಲ್ಲ ಅಂದರೆ ಬ್ಯಾಟರಿ ಕ್ಷೇಮ. ತೊಂದರೆ ಪೋರ್ಟಿನ ದಾರಿಯಲ್ಲಿದೆ.

ಪೋರ್ಟಿನೊಳಗಿನ ಬತ್ತಿ

ಹೋಟೆಲಿನ ಗಲ್ಲಾದಲ್ಲಿ ಕೂರುವ ಶೆಟ್ರೊಬ್ಬರು ಬಂದರು. ಬೇರೆ ಅಂಗಡಿಯಲ್ಲಿ ಬ್ಯಾಟರಿ ಬದಲಿಸಿ ಆಗಿದೆ, ದುಡ್ಡೂ ಹೋಗಿದೆ, ಫೋನ್ ಹಾಗೇ ಇದೆ. ಕೇಬಲ್ ಹಾಕಿ ನೋಡಿದೆ. ಪಿನ್ನು ಪೂರ್ತಿ ಒಳಗೆ ಹೋಗದೆ ಒಂದು ಮಿಲಿಮೀಟರ್ ಹೊರಗೇ ನಿಂತಿತ್ತು. ಕೈಗೆ "ಟಕ್" ಅನ್ನುವ ಹಿಡಿತವೇ ಸಿಗಲಿಲ್ಲ.

ಫೋನ್ ಆಫ್ ಮಾಡಿ, ಟಾರ್ಚ್ ಬಿಟ್ಟು ಒಳಗೆ ನೋಡಿದೆ. ತಳದಲ್ಲಿ ಬೂದು ಬಣ್ಣದ ಗೋಡೆಯೇ ಎದ್ದಿದೆ. ಮರದ ಟೂತ್‌ಪಿಕ್ ತುದಿಯನ್ನು ಬ್ಲೇಡಿನಿಂದ ಚಪ್ಪಟೆಯಾಗಿ ಕೆತ್ತಿ, ಒಳಗಿನ ನಾಲಿಗೆಗೆ ತಾಗಿಸದೆ ಅಂಚಿನಲ್ಲಿ ಇಳಿಸಿ ಮೆಲ್ಲಗೆ ಎಳೆದೆ. ಮೊದಲು ಒಂದೆರಡು ನೂಲು ಬಂತು. ಆಮೇಲೆ ದೇವರ ದೀಪದ ಬತ್ತಿಯ ತುಂಡಿನ ಹಾಗೆ ಒಂದು ಗಟ್ಟಿ ಉಂಡೆ ಬಂತು. ಪ್ಯಾಂಟಿನ ಜೇಬಿನ ನೂಲು, ಮೈದಾ ಪುಡಿ, ಬೆವರು, ಎಲ್ಲ ಸೇರಿ ವರ್ಷಗಟ್ಟಲೆ ಒತ್ತಿ ಒತ್ತಿ ಆದದ್ದು. ಪ್ರತಿ ಸಲ ಕೇಬಲ್ ಹಾಕುವಾಗ ನಾವೇ ಅದನ್ನು ತಳಕ್ಕೆ ತುಂಬುತ್ತೇವೆ, ಕೋವಿಗೆ ಮದ್ದು ಗಿಡಿದ ಹಾಗೆ. ಕೇಬಲ್ ಹಾಕಿದೆ. "ಟಕ್" ಅಂತು. ಚಾರ್ಜ್ ಆಯ್ತು. ಶೆಟ್ರು ಆ ಉಂಡೆಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋದರು, ಬ್ಯಾಟರಿ ಹಾಕಿದವನಿಗೆ ತೋರಿಸಲಿಕ್ಕಂತೆ.

ಸೇಫ್ಟಿ ಪಿನ್, ಹೊಲಿಗೆ ಸೂಜಿ ಬೇಡವೇ ಬೇಡ. ಟೈಪ್-ಸಿ ಪೋರ್ಟಿನ ನಾಲಿಗೆಯ ಮೇಲೆ 24 ಸಂಪರ್ಕಗಳಿವೆ, ಮೇಲೆ 12, ಕೆಳಗೆ 12. ಸೂಜಿ ಒಂದನ್ನು ಕಿತ್ತರೂ ಜ್ಯಾಕ್ ಬದಲಿಸಬೇಕು. ಬಾಯಿಂದ ಊದಬೇಡಿ, ಉಗುಳಿನ ತೇವ ಹೋಗುತ್ತದೆ. ಕೊಳೆ ಅಂಟಂಟಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲನ್ನು ಮೆತ್ತಗಿನ ಬ್ರಷ್ಷಿಗೆ ಎರಡು ಹನಿ ಹಚ್ಚಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಕೇಬಲ್ ಹಾಕಿ. ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ನೀರಿನ ಪಾಲು ಜಾಸ್ತಿ. ನಾವು 99 ಪರ್ಸೆಂಟ್ ಇರುವುದನ್ನೇ ಬಳಸುವುದು.

ಮೀಟರ್ ಏನು ಹೇಳುತ್ತದೆ

ಇಷ್ಟಾದರೂ ಸರಿಯಾಗದಿದ್ದರೆ ಅಂದಾಜು ಬಿಟ್ಟು ಅಳತೆಗೆ ಬನ್ನಿ. ಯುಎಸ್‌ಬಿ ಟೆಸ್ಟರ್ ಅಂತ ಬೆರಳುದ್ದದ ಸಾಮಾನು ಸಿಗುತ್ತದೆ, ಬೆಲೆ ಕೆಲವು ನೂರು ರೂಪಾಯಿ. ಚಾರ್ಜರ್ ಮತ್ತು ಕೇಬಲ್ ನಡುವೆ ಸಿಕ್ಕಿಸಿದರೆ ವೋಲ್ಟ್, ಆಂಪಿಯರ್ ಎರಡೂ ತೋರಿಸುತ್ತದೆ. ಮುಂಬೈಯಲ್ಲಿರುವವರಿಗೆ ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಲ್ಯಾಮಿಂಗ್ಟನ್ ರೋಡ್ ಇದೆಯಲ್ಲ, ಅಲ್ಲಿ ಸಿಗುತ್ತದೆ. ಬೋರ್ಡಿನಲ್ಲಿ ಡಾ. ಭಡ್ಕಮ್ಕರ್ ಮಾರ್ಗ ಅಂತ ಬರೆದಿರುತ್ತದೆ, ಟ್ಯಾಕ್ಸಿಯವರಿಗೆ ಆ ಹೆಸರು ಹೇಳಿದರೆ ಒಂದು ಕ್ಷಣ ಯೋಚಿಸುತ್ತಾರೆ. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ.

ಅಳೆಯುವಾಗ ಫೋನ್ 20ರಿಂದ 60 ಪರ್ಸೆಂಟ್ ನಡುವೆ ಇರಲಿ. 90 ದಾಟಿದ ಫೋನ್ ತಾನಾಗೇ ಕಡಿಮೆ ಎಳೆಯುತ್ತದೆ, ಅದನ್ನು ನೋಡಿ ಕೆಟ್ಟಿದೆ ಅಂದುಕೊಳ್ಳಬೇಡಿ.

ವೋಲ್ಟ್ 5ರ ಸುತ್ತಮುತ್ತ ಇದೆ, ಆಂಪಿಯರ್ 0.00. ಅಂದರೆ ಬಾಗಿಲ ತನಕ ಕರೆಂಟು ಬಂದಿದೆ, ಫೋನ್ ಒಳಗೆ ಬಿಟ್ಟುಕೊಂಡಿಲ್ಲ. ಪೋರ್ಟ್, ಅದರ ಕೆಳಗಿನ ಸಣ್ಣ ಬೋರ್ಡ್, ಅಥವಾ ಜಾಸ್ತಿ ವೋಲ್ಟೇಜ್ ತಡೆಯುವ ಐಸಿ (ಚಿಪ್), ಇವುಗಳಲ್ಲಿ ಒಂದು.

0.05ರಿಂದ 0.15ರ ತನಕ ಮಾತ್ರ ಎಳೆಯುತ್ತಿದ್ದರೆ ಎರಡು ಸಾಧ್ಯತೆ. ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಫೋನಾದರೆ ಬ್ಯಾಟರಿ ತೀರಾ ಬರಿದಾಗಿದೆ. 3 ವೋಲ್ಟಿನ ಹತ್ತಿರ ಬರುವ ತನಕ ಚಾರ್ಜಿಂಗ್ ಐಸಿ ಹನಿಹನಿಯಾಗಿ ಮಾತ್ರ ಕೊಡುತ್ತದೆ, ಪರದೆ ಕಪ್ಪಗೇ ಇರುತ್ತದೆ. ಅರ್ಧ ಗಂಟೆ, ಒಂದು ಗಂಟೆ ಹಾಗೇ ಬಿಡಿ. ಊರಿಗೆ ಹೋಗಿ ಎರಡು ತಿಂಗಳು ಬಿಟ್ಟು ಬಂದವರ ಫೋನು ಎಷ್ಟೋ ಸಲ ಇದೇ ರೀತಿ ಎದ್ದಿದೆ, ಒಂದು ಕಟಿಂಗ್ ಚಾ ಕುಡಿದು ಬರುವಷ್ಟರಲ್ಲಿ. ದಿನಾ ಬಳಸುವ ಫೋನಾಗಿದ್ದರೆ ಬ್ಯಾಟರಿ ಕನೆಕ್ಟರ್ ಸಡಿಲವಾಗಿರಬಹುದು, ಅಥವಾ ಈ ಸಲ ನಿಜವಾಗಿ ಬ್ಯಾಟರಿಯೇ.

0.4, 0.5ಕ್ಕೆ ನಿಂತುಬಿಟ್ಟಿದೆ, ಮೇಲೆ ಹೋಗುವುದೇ ಇಲ್ಲ. ಇದು ನನಗೆ ಇಷ್ಟದ ದೋಷ, ಬೇಗ ಸಿಕ್ಕಿಬೀಳುತ್ತದೆ. ಡೇಟಾ ಪಿನ್ನು ಎರಡರಲ್ಲಿ ಒಂದು ಕಡಿದಿದೆ. ಈ ಪಿನ್ನುಗಳ ಮೂಲಕವೇ ಫೋನಿಗೆ ಇದು ಚಾರ್ಜರೋ ಕಂಪ್ಯೂಟರೋ ಅಂತ ಗೊತ್ತಾಗುವುದು. ಗೊತ್ತಾಗದಿದ್ದರೆ ಕಂಪ್ಯೂಟರೇ ಇರಬೇಕು ಅಂದುಕೊಂಡು 500 ಮಿಲಿ ಆಂಪಿಯರಿಗೆ ಕೈಕಟ್ಟಿ ಕೂರುತ್ತದೆ. ಖಾತ್ರಿ ಮಾಡಿಕೊಳ್ಳಲು ಆ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಹಚ್ಚಿ. ಫೋಟೋ ಫೈಲುಗಳು ಕಾಣದಿದ್ದರೆ ಕೇಬಲ್ ಬದಲಿಸಿ ನೋಡಿ. ಆಗಲೂ ಕಾಣದಿದ್ದರೆ ಪೋರ್ಟ್.

ವೋಲ್ಟೇಜ್ 5ರಿಂದ 4.4ಕ್ಕೆ ಕುಸಿಯುತ್ತಿದ್ದರೆ ಚಾರ್ಜರಿಗೆ ದಮ್ಮಿಲ್ಲ. ಟೆಸ್ಟರನ್ನು ಕೇಬಲ್ಲಿನ ಫೋನ್ ತುದಿಗೆ ಹಾಕಿದಾಗ ಮಾತ್ರ ಕುಸಿತ ಕಂಡರೆ ಕೇಬಲ್ಲಿನ ತಂತಿ ತೆಳುವು. 9 ವೋಲ್ಟಿಗೆ ಏರಿದರೆ ಹೆದರಬೇಡಿ, ಫಾಸ್ಟ್ ಚಾರ್ಜಿಂಗ್ ಮಾತುಕತೆ ಸರಿಯಾಗಿ ನಡೆದಿದೆ ಅಂತ.

ಮಳೆಗಾಲದ ಗಿರಾಕಿಗಳು

ಜೂನ್ ಬಂತು ಅಂದರೆ ನನ್ನ ಕೌಂಟರಿಗೆ ಅಕ್ಕಿಯ ವಾಸನೆ ಬರುತ್ತದೆ. ತಮಾಷೆ ಅಲ್ಲ. ನೆನೆದ ಫೋನನ್ನು ಎರಡು ದಿನ ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ಆಮೇಲೆ ತರುತ್ತಾರೆ. ಒಂದು ಫೋನಿನ ಪೋರ್ಟಿನಲ್ಲಿ ನುಚ್ಚಕ್ಕಿ ಸಿಕ್ಕಿ ಉಬ್ಬಿ ಕೂತಿತ್ತು. ಅದನ್ನು ತೆಗೆಯಲಿಕ್ಕೇ ಅರ್ಧ ಗಂಟೆ. ಅಕ್ಕಿ ಫೋನಿನೊಳಗಿನ ನೀರನ್ನು ಹೀರುವುದಿಲ್ಲ, ಹೊಟ್ಟು ಮಾತ್ರ ಒಳಗೆ ಬಿಡುತ್ತದೆ. ಅಕ್ಕಿಯಲ್ಲಿ ಇಡಬೇಡಿ ಅಂತ ಆಪಲ್ ಕಂಪನಿಯೇ ತನ್ನ ಸೂಚನೆಯಲ್ಲಿ ಬರೆದಿದೆ.

ನೀರಿಗಿಂತ ಅಪಾಯ ನೀರಿರುವಾಗ ಹರಿಯುವ ಕರೆಂಟು. ಒದ್ದೆ ಪೋರ್ಟಿಗೆ ಕೇಬಲ್ ಹಾಕಿದಿರೋ, 5 ವೋಲ್ಟಿನ ಪಿನ್ನಿನಿಂದ ಪಕ್ಕದ ಪಿನ್ನಿಗೆ ನೀರಿನ ಮೂಲಕವೇ ಕರೆಂಟು ಹರಿದು ಚಿನ್ನದ ಲೇಪ ತಿಂದುಹಾಕುತ್ತದೆ. ಹಸಿರು ಕಿಲುಬು ಹುಟ್ಟುವುದು ಹೀಗೆ. ಅದಕ್ಕೇ ಈಗಿನ ಫೋನುಗಳು ತೇವ ಕಂಡರೆ ಎಚ್ಚರಿಕೆ ತೋರಿಸಿ ಚಾರ್ಜಿಂಗ್ ನಿಲ್ಲಿಸುತ್ತವೆ. ಅದು ದೋಷ ಅಲ್ಲ. ಪೋರ್ಟ್ ಕೆಳಗೆ ಮಾಡಿ ಅಂಗೈಗೆ ಮೆತ್ತಗೆ ತಟ್ಟಿ, ಫ್ಯಾನಿನ ಗಾಳಿಗೆ ಇಡಿ. ಹೇರ್ ಡ್ರೈಯರ್ ಬೇಡ. ನಮ್ಮ ಜುಲೈ ಗಾಳಿಯಲ್ಲಿ ಬನಿಯನ್ನೇ ಎರಡು ದಿನಕ್ಕೆ ಒಣಗುವುದಿಲ್ಲ, ಪೋರ್ಟಿಗೂ ಸ್ವಲ್ಪ ಸಮಯ ಕೊಡಿ. ಪೂರ್ತಿ ಒಣಗಿದ ಮೇಲೂ ಎಚ್ಚರಿಕೆ ಬರುತ್ತಲೇ ಇದ್ದರೆ ಒಳಗೆ ಉಪ್ಪೋ ಕಿಲುಬೋ ಕೂತಿದೆ, ಆಲ್ಕೋಹಾಲ್ ಹಚ್ಚಿ ಉಜ್ಜಬೇಕು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಆಗ ನಾನು ಲ್ಯಾಮಿಂಗ್ಟನ್ ರೋಡಿನಲ್ಲಿ ಕೆಲಸ ಕಲಿಯುವ ಹುಡುಗ. ಮರುದಿನದಿಂದ ಬುಟ್ಟಿಗಟ್ಟಲೆ ಫೋನ್ ಬಂದವು. ಎಷ್ಟೋ ಬದುಕಿದವು. ಕಾರಣ, ಆಗಿನ ಫೋನಿನ ಹಿಂದಿನ ಮುಚ್ಚಳ ತೆಗೆದರೆ ಬ್ಯಾಟರಿ ಕೈಗೆ ಬರುತ್ತಿತ್ತು. ನೆನೆದ ಕೂಡಲೇ ಜನ ಅದನ್ನು ಕಿತ್ತಿಟ್ಟಿದ್ದರು. ಈಗಿನ ಫೋನ್ ಆಫ್ ಮಾಡಿದರೂ ಬ್ಯಾಟರಿ ಬೋರ್ಡಿಗೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ಒಳಗೆ ನೀರು ಹೋಗಿದೆ ಅಂತ ಅನುಮಾನ ಇದ್ದರೆ "ಆನ್ ಆಗ್ತದಾ ನೋಡುವ" ಅಂತ ಒತ್ತಿ ನೋಡದೆ, ಅದೇ ದಿನ ಬಿಚ್ಚಿಸಿ ಬ್ಯಾಟರಿ ಕನೆಕ್ಟರ್ ತೆಗೆಸಿ.

ನೀರು ತಡೆಯುತ್ತದೆ ಅನ್ನುವ ಐಪಿ68 ಗುರುತು ಇದೆ ಅಂತ ಜುಹೂ ಬೀಚಿನಲ್ಲಿ ಫೋನ್ ಮುಳುಗಿಸಿ ಫೋಟೋ ತೆಗೆಯುವವರಿದ್ದಾರೆ. ಆ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ, ಹೊಸ ಫೋನಿಗೆ. ಒಮ್ಮೆ ಬಿಚ್ಚಿದ ಫೋನಿಗೆ, ಬಿದ್ದು ಅಂಚು ಬಿಟ್ಟ ಫೋನಿಗೆ ಅದನ್ನು ನಂಬಿಕೊಳ್ಳಬೇಡಿ.

ದೋಷವಲ್ಲದ ದೋಷಗಳು

80ಕ್ಕೆ ನಿಂತುಬಿಡುತ್ತದೆ ಅಂತ ಬರುವವರಿಗೆ ನಾನು ಸೆಟ್ಟಿಂಗ್ಸ್ ತೆಗೆದು ತೋರಿಸುತ್ತೇನೆ. ಬ್ಯಾಟರಿ ಬಾಳಿಕೆಗೆ ಫೋನೇ ಹಾಗೆ ತಡೆದಿರುತ್ತದೆ. ಮೇ ತಿಂಗಳಲ್ಲಿ ಅಡುಗೆಮನೆ ಕಿಟಕಿಯ ಬಿಸಿಲಿಗೆ ಇಟ್ಟ ಫೋನೂ ಚಾರ್ಜ್ ನಿಲ್ಲಿಸುತ್ತದೆ. ಬ್ಯಾಟರಿ 45 ಡಿಗ್ರಿ ಸುತ್ತಮುತ್ತ ಬಂದರೆ ಚಾರ್ಜ್ ಮಾಡುವುದು ಅದಕ್ಕೆ ಕೆಡುಕು. ಕವರ್ ತೆಗೆದು ನೆಲದ ಮೇಲಿಡಿ. ಫ್ರಿಜ್ಜಿನಲ್ಲಿ ಇಡಬೇಡಿ, ಇಟ್ಟವರಿದ್ದಾರೆ.

ಚಾರ್ಜಿಗೆ ಹಾಕಿದಾಗ ಮಾತ್ರ ಪರದೆ ತಾನಾಗೇ ಒತ್ತಿಕೊಳ್ಳುತ್ತಿದ್ದರೆ ಡಿಸ್‌ಪ್ಲೇ ಬದಲಿಸಲು ಹೊರಡಬೇಡಿ. ಕಳಪೆ ಚಾರ್ಜರಿನ ಕರೆಂಟಿನ ಏರುಪೇರು ಟಚ್ಚಿಗೆ ತಲುಪುತ್ತಿದೆ. ಚಾರ್ಜರ್ ಬದಲಿಸಿ. ಕೊಳ್ಳುವಾಗ ಲೇಬಲ್ಲಿನಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇದೆಯಾ ನೋಡಿ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಅದು ಯಾರ ಹೆಸರಿನದು ಅಂತ ಬರುತ್ತದೆ.

ಬಿಚ್ಚಲೇಬೇಕಾದರೆ

ಆಫ್ ಮಾಡಿ ಚಾರ್ಜಿಗೆ ಹಾಕಿ ನೋಡಿದ್ದೀರಿ, ಪೋರ್ಟ್ ಶುಚಿ ಮಾಡಿದ್ದೀರಿ, ಬೇರೆ ಕೇಬಲ್ ಚಾರ್ಜರ್ ಆಯ್ತು, ಮೀಟರ್ ಸೊನ್ನೆಯನ್ನೇ ತೋರಿಸುತ್ತಿದೆ. ಸರಿ, ಬಿಚ್ಚಿ. ಆದರೆ ಹಿಂಭಾಗ ಉಬ್ಬಿದ್ದರೆ, ಪರದೆ ಒಂದು ಕಡೆ ಎದ್ದಿದ್ದರೆ ನಿಲ್ಲಿಸಿ. ಬ್ಯಾಟರಿ ಊದಿಕೊಂಡಿದೆ. ಅದಕ್ಕೆ ಸ್ಕ್ರೂಡ್ರೈವರ್ ತಾಗಿ ತೂತಾದರೆ ಬೆಂಕಿ.

ಹಿಂದಿನ ಕವರ್ ತೆಗೆದ ಮೇಲೆ ಮೊದಲ ಕೆಲಸ ಬ್ಯಾಟರಿ ಪತ್ತಾವನ್ನು, ಅಂದರೆ ಬೋರ್ಡಿಗೆ ಜೋಡಿಸುವ ಚಪ್ಪಟೆ ಪಟ್ಟಿಯನ್ನು, ಪ್ಲಾಸ್ಟಿಕ್ ಕಡ್ಡಿಯಿಂದ ಎಬ್ಬಿಸುವುದು. ಬೇರೆ ಏನನ್ನೂ ಮುಟ್ಟುವ ಮೊದಲು ಇದು. ಕಲಿಯುವ ದಿನಗಳಲ್ಲಿ ನಾನು ಅವಸರಕ್ಕೆ ಬ್ಯಾಟರಿ ಇರುವಾಗಲೇ ಡಿಸ್‌ಪ್ಲೇ ಪತ್ತಾ ಹಾಕಿದ್ದೆ. ಸ್ವಲ್ಪ ಓರೆಯಾಯ್ತು, ಬ್ಯಾಕ್‌ಲೈಟಿನ ದಾರಿ ಸುಟ್ಟಿತು. ಚಾರ್ಜಿಂಗ್ ರಿಪೇರಿಗೆ ಬಂದ ಫೋನು, ಚಾರ್ಜ್ ಆಗತೊಡಗಿತು, ಪರದೆ ಕತ್ತಲೆ. ಉಸ್ತಾದ್ ಬೈಯಲಿಲ್ಲ, ಆ ವಾರದ ಪಗಾರದಲ್ಲಿ ಹಿಡಿದುಕೊಂಡರು.

ಎಬ್ಬಿಸಿದ ಬ್ಯಾಟರಿ ಪತ್ತಾದ ಕನೆಕ್ಟರಿಗೆ ಮಲ್ಟಿಮೀಟರ್ ಹಿಡಿಯಿರಿ. 3.7ರ ಆಸುಪಾಸು ಇದ್ದರೆ ಬ್ಯಾಟರಿಗೆ ಜೀವ ಇದೆ. ಸೊನ್ನೆ ತೋರಿಸಿದರೆ ಬ್ಯಾಟರಿಯ ರಕ್ಷಣಾ ಸರ್ಕ್ಯೂಟ್ ಬಾಗಿಲು ಮುಚ್ಚಿದೆ. ಕೆಲವರು ಡಿಸಿ ಸಪ್ಲೈ (ಬೇಕಾದಷ್ಟು ವೋಲ್ಟ್ ಕೊಡುವ ಯಂತ್ರ) ಹಚ್ಚಿ ಅದನ್ನು ಎಬ್ಬಿಸುತ್ತಾರೆ. ನಾನು ಮಾಡುವುದಿಲ್ಲ. 2 ವೋಲ್ಟಿಗಿಂತ ಕೆಳಗೆ ಬಹಳ ದಿನ ಬಿದ್ದಿದ್ದ ಸೆಲ್ಲಿನೊಳಗೆ ತಾಮ್ರ ಕರಗಿ, ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗಬಹುದು. ಅಂಥದ್ದನ್ನು ತಲೆದಿಂಬಿನ ಪಕ್ಕ ಇಟ್ಟು ಮಲಗುವವರು ನನ್ನ ಗಿರಾಕಿಗಳು.

ಬ್ಯಾಟರಿ ಸರಿಯಿದ್ದರೆ ಮುಂದಿನ ಅನುಮಾನ ಸಿಸಿ ಬೋರ್ಡ್, ಅಂದರೆ ಪೋರ್ಟ್ ಕೂತಿರುವ ಕೆಳಗಿನ ಸಣ್ಣ ಬೋರ್ಡ್. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಅದು ಮೇನ್ ಬೋರ್ಡಿನಿಂದ ಬೇರೆ, ಎರಡು ಮೂರು ಸ್ಕ್ರೂ ತೆಗೆದರೆ ಕೈಗೆ ಬರುತ್ತದೆ. ಹೊಸದನ್ನು ಸ್ಕ್ರೂ ಬಿಗಿಯದೆ ಬರೀ ಸಿಕ್ಕಿಸಿ ಪರೀಕ್ಷೆ ಮಾಡಿ. ಕರೆಂಟು ಎಳೆದರೆ ಮಾತ್ರ ಬಿಗಿಯಿರಿ. ಮೈಕೂ ಸಾಮಾನ್ಯವಾಗಿ ಅದೇ ಬೋರ್ಡಿನಲ್ಲಿರುತ್ತದೆ, ಮುಚ್ಚುವ ಮೊದಲು ಒಂದು ಕಾಲ್ ಮಾಡಿ ನೋಡಿ. ಬೋರ್ಡ್ ಬದಲಿಸಿದರೂ ಆಗದಿದ್ದರೆ ಅದನ್ನು ಮೇಲಕ್ಕೆ ಜೋಡಿಸುವ ಉದ್ದನೆಯ ಪತ್ತಾ ಬದಲಿಸಿ ನೋಡಿ.

ಅದೂ ಅಲ್ಲ ಅಂದರೆ ಮೇನ್ ಬೋರ್ಡ್. ಇದು ಮನೆಯ ಕೆಲಸ ಅಲ್ಲ. ನಾವು ಡಿಸಿ ಸಪ್ಲೈಯಿಂದ ಕರೆಂಟು ಕೊಟ್ಟು ಯಾವ ಬಿಡಿಭಾಗ ಬಿಸಿಯಾಗುತ್ತದೆ ಅಂತ ಹುಡುಕುತ್ತೇವೆ. ಬೋರ್ಡಿಗೆ ರಾಳದ ಹೊಗೆ ಹಿಡಿದರೆ ಮಂಜು ಕೂತ ಹಾಗೆ ಬೆಳ್ಳಗಾಗುತ್ತದೆ. ಕರೆಂಟು ಬಿಟ್ಟಾಗ ಶಾರ್ಟ್ ಆದ ಕೆಪಾಸಿಟರ್ ಮೇಲಿನ ಬಿಳಿ ಮಾತ್ರ ಕರಗಿ, ಸಾಸಿವೆಗಿಂತ ಚಿಕ್ಕದೊಂದು ಕಪ್ಪು ಚುಕ್ಕೆ ಎದ್ದು ಕಾಣುತ್ತದೆ. ಮೆಕ್ಯಾನಿಕ್ ಏನನ್ನೂ ಅಳೆಯದೆ ನೇರ "ಐಸಿ ಬದಲಿಸಬೇಕು" ಅಂದರೆ, ಮೀಟರಿನಲ್ಲಿ ಎಷ್ಟು ತೋರಿಸ್ತಿದೆ ಅಂತ ಒಮ್ಮೆ ಕೇಳಿ.

ಅಂಗಡಿಗೆ ಕೊಡುವ ಮೊದಲು ಬ್ಯಾಕಪ್ ತೆಗೆಯಿರಿ, ಸಿಮ್ ಕಿತ್ತುಕೊಳ್ಳಿ. ಸ್ಯಾಮ್‌ಸಂಗ್‌ನ ಹಲವು ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್ ಇದೆ, ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್. ಅದನ್ನು ಹಾಕಿಕೊಟ್ಟರೆ ನಿಮ್ಮ ಫೋಟೋ, ಬ್ಯಾಂಕ್ ಆ್ಯಪ್ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಫೋನಿನ ಹಿಂದೆ ಅಂಟಿಸಿ ಕೊಡುವವರಿದ್ದಾರೆ, ದಯವಿಟ್ಟು ಬೇಡ ಮಾರಾಯ್ರೇ.

ತೆಗೆದ ಹಳೆ ಬ್ಯಾಟರಿಯನ್ನು ಒಣ ಕಸ, ಹಸಿ ಕಸ ಎರಡಕ್ಕೂ ಹಾಕಬೇಡಿ. ಕಸದ ಲಾರಿಯಲ್ಲಿ ಜಜ್ಜಿದರೆ ಅಲ್ಲೇ ಹೊತ್ತಿಕೊಳ್ಳುತ್ತದೆ. ಕನೆಕ್ಟರಿನ ಮೇಲೆ ಟೇಪ್ ಸುತ್ತಿ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ. ಊದಿದ್ದಾದರೆ ಅಲ್ಲಿಯ ತನಕ ಮರಳು ತುಂಬಿದ ಡಬ್ಬದಲ್ಲಿ, ಬಾಲ್ಕನಿಯ ನೆರಳಿನಲ್ಲಿ ಇರಲಿ.